ಸೆರೆಸಿಕ್ಕ ಹಡಗಿನ ಗತಿ ಏನಾಗುತ್ತಿತ್ತು?

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ವಿಜಯದುರ್ಗದ ಕೋಟೆ ನೋಡಿ ಬಂದೆವು. ಮರಾಠರು ಇಂಗ್ಲಿಷರ ಹಡಗು ಹಿಡಿದು ಅಲ್ಲಿಗೆ ತರುತ್ತಿದ್ದರಂತೆ. ಹಾಗೆ ಸೆರೆಸಿಕ್ಕ ಸಣ್ಣ ಯುದ್ಧನೌಕೆಯನ್ನು ಏನು ಮಾಡುತ್ತಿದ್ದರು? ಅದಕ್ಕೂ ಕರ್ನಾಟಕಕ್ಕೂ ಏನಾದರೂ ಸಂಬಂಧವಿದೆಯೆ?
– ಓದುಗರೊಬ್ಬರು, ದೇಸೂರ (ಬೆಳಗಾವಿ)

ಉತ್ತರ: ಹಾಯಿ ಹಡಗಿನ ಕಾಲದಲ್ಲಿ ಗೆದ್ದವರು ಸೆರೆಹಿಡಿದ ಹಡಗನ್ನು ಸಾಧ್ಯವಾದ ಮಟ್ಟಿಗೆ ಉಳಿಸಿಕೊಳ್ಳುತ್ತಿದ್ದರು. ಒಳ್ಳೆಯ ಮರ, ಹಗ್ಗ, ಹಾಯಿ, ಫಿರಂಗಿ ಎಲ್ಲವೂ ದುಬಾರಿ. ಹೊಸ ಹಡಗು ಕಟ್ಟಿಸುವುದಕ್ಕಿಂತ ಹಿಡಿದದ್ದನ್ನು ದುರಸ್ತಿ ಮಾಡಿಸಿ, ಬಾವುಟ ಬದಲಿಸಿ ನೀರಿಗಿಳಿಸುವುದು ಅಗ್ಗ. ಹೀಗಾಗಿ ಒಂದೇ ಹಡಗು ಇಂದು ಈ ಕಡೆ, ನಾಳೆ ಆ ಕಡೆ ನಿಂತು ಕಾದಾಡುತ್ತಿತ್ತು. 1783ರ ಜನವರಿಯಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನ್ ಗಂಜಾಂ ಬಳಿ ಹಿಡಿದ 28 ಫಿರಂಗಿಗಳ ಬ್ರಿಟಿಷ್ ಹಡಗು ‘ಕವೆಂಟ್ರಿ’ ಹೀಗೆಯೇ ಫ್ರೆಂಚರ ದಂಡು ಸೇರಿತು.

ನೀವು ನೋಡಿಬಂದ ವಿಜಯದುರ್ಗದ ಕಥೆ ಇನ್ನೂ ತೀವ್ರವಾದದ್ದು. 1749ರಲ್ಲಿ ಆ ಕೋಟೆಯ ಒಡೆಯ, ಮರಾಠ ನೌಕಾಪತಿ ತುಳಾಜಿ ಆಂಗ್ರೆಯ ನೌಕಾಪಡೆ ಈಸ್ಟ್ ಇಂಡಿಯಾ ಕಂಪನಿಯ ‘ರೆಸ್ಟೊರೇಶನ್’ ಎಂಬ ಹಡಗನ್ನು ಸೆರೆಹಿಡಿಯಿತು. ಆಂಗ್ರೆಯ ಕಾದಾಟದ ರೀತಿಯೇ ಬೇರೆ. ಗುರಾಬುಗಳೆಂಬ ಫಿರಂಗಿ ಹಡಗುಗಳನ್ನು ಹುಟ್ಟು ಹಾಕಿ ನಡೆಸುವ ಗಲಬತಗಳೆಂಬ ದೋಣಿಗಳು ಎಳೆದು ತಂದು ಶತ್ರುವಿನ ಹಿಂಬದಿಗೆ ನಿಲ್ಲಿಸುತ್ತಿದ್ದವು. ಯೂರೋಪಿನ ಹಡಗುಗಳ ಫಿರಂಗಿಗಳು ಎರಡು ಪಕ್ಕಗಳಲ್ಲೇ ಹೆಚ್ಚು, ಹಿಂಬದಿಯಲ್ಲಿ ಕಡಿಮೆ. ಅಲ್ಲಿಂದ ಹಾಯಿಕಂಬ, ಹಗ್ಗಗಳಿಗೆ ಗುರಿಯಿಟ್ಟು ಹೊಡೆದು, ಹಡಗು ಅಲ್ಲಾಡದಂತೆ ಮಾಡಿ, ಆಮೇಲೆ ಗಲಬತಗಳಲ್ಲಿದ್ದವರು ಕತ್ತಿ ಹಿಡಿದು ಮೇಲೇರುತ್ತಿದ್ದರು. ಗಾಳಿ ಬಿದ್ದ ದಿನ ಹಾಯಿಯನ್ನೇ ನಂಬಿದ ಹಡಗಿಗೆ ಉಳಿಗಾಲವಿರಲಿಲ್ಲ.

‘ರೆಸ್ಟೊರೇಶನ್’ ಆಮೇಲೆ ಏಳು ವರ್ಷ ಆಂಗ್ರೆಯ ಕೈಯಲ್ಲಿತ್ತು. 1756ರ ಫೆಬ್ರುವರಿಯಲ್ಲಿ ಇಂಗ್ಲಿಷ್ ನೌಕಾಪತಿ ವಾಟ್ಸನ್ ಮತ್ತು ಸೇನಾನಿ ಕ್ಲೈವ್ ವಿಜಯದುರ್ಗಕ್ಕೆ ಮುತ್ತಿಗೆ ಹಾಕಿದಾಗ ಇಂಗ್ಲಿಷರ ಸಿಡಿಗುಂಡೊಂದು ಅದರ ಮೇಲೆಯೇ ಬಿತ್ತು. ಒಂದಕ್ಕೊಂದು ಅಂಟಿಕೊಂಡಂತೆ ನಿಂತಿದ್ದ ಹಡಗುಗಳಿಗೆಲ್ಲ ಬೆಂಕಿ ಹರಡಿ ಆಂಗ್ರೆಯ ಇಡೀ ನೌಕಾಪಡೆ ಬೂದಿಯಾಯಿತು. ಇಂಗ್ಲಿಷರು ಗೆದ್ದ ಕೋಟೆ ಕೆಲ ತಿಂಗಳಲ್ಲಿ ಪೇಶ್ವೆಯ ವಶಕ್ಕೆ ಬಂತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ‘ರೇಂಜರ್’ ಎಂಬ 12 ಫಿರಂಗಿಗಳ ಪುಟ್ಟ ಹಡಗಿನಲ್ಲಿದೆ. ಟಿಪ್ಪುವಿನೊಡನೆ ನಡೆದಿದ್ದ ಯುದ್ಧದಲ್ಲಿ, 1783ರ ಜನವರಿಯಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು ಹಿಡಿದಿದ್ದ. ಅಲ್ಲಿ ಸಿಕ್ಕ ಸಂಪತ್ತಿನ ವಿಷಯದಲ್ಲಿ ಅವನಿಗೂ ಅವನ ಅಧಿಕಾರಿಗಳಿಗೂ ಜಗಳವಾಯಿತು. ಕರ್ನಲ್ ಮ್ಯಾಕ್ಲಿಯಡ್, ಕರ್ನಲ್ ಹಂಬರ್‌ಸ್ಟನ್, ಮೇಜರ್ ಶಾ ಮೂವರೂ ಬೊಂಬಾಯಿಗೆ ಹೋಗಿ ದೂರು ಕೊಟ್ಟರು. ಸರ್ಕಾರ ಮ್ಯಾಥ್ಯೂಸನನ್ನು ಕೆಳಗಿಳಿಸಿ ಸೈನ್ಯವನ್ನು ಮ್ಯಾಕ್ಲಿಯಡ್‌ಗೆ ಒಪ್ಪಿಸಿತು. ಆ ಅಧಿಕಾರ ಹೊತ್ತು ಮೂವರೂ ಏಪ್ರಿಲ್ 5ರಂದು ‘ರೇಂಜರ್’ ಹತ್ತಿ ಕರ್ನಾಟಕದ ಕರಾವಳಿಯತ್ತ ಹೊರಟರು.

ಏಪ್ರಿಲ್ 8ರಂದು ವಿಜಯದುರ್ಗದ ಹತ್ತಿರ ಪೇಶ್ವೆಯ ನೌಕಾಪತಿ ಆನಂದರಾವ್ ಧುಳಪನ ದಂಡು ಎದುರಾಯಿತು. ಸಾಲ್ಬಾಯಿ ಒಪ್ಪಂದ ಫೆಬ್ರುವರಿಯಲ್ಲೇ ಅಂತಿಮಗೊಂಡು ಮರಾಠರಿಗೂ ಇಂಗ್ಲಿಷರಿಗೂ ಕಾಗದದ ಮೇಲೆ ಶಾಂತಿಯಿತ್ತು, ಕಡಲಿನಲ್ಲಿರಲಿಲ್ಲ. ‘ರೇಂಜರ್’ನ ನಾಯಕ ಲೆಫ್ಟಿನೆಂಟ್ ಪ್ರುಯೆನ್ ನಾಲ್ಕು ತಾಸಿಗೂ ಹೆಚ್ಚು ಹೊತ್ತು ಕಾದಾಡಿದ. ಮೇಜರ್ ಶಾ ಸತ್ತ, ಮ್ಯಾಕ್ಲಿಯಡ್ ಗಾಯಗೊಂಡ, ಹಂಬರ್‌ಸ್ಟನ್‌ಗೆ ಪ್ರಾಣಾಂತಿಕ ಪೆಟ್ಟಾಯಿತು. ಹಡಗನ್ನು ವಿಜಯದುರ್ಗಕ್ಕೆ ಎಳೆದೊಯ್ದರು.

ಅದೇ ದಿನಗಳಲ್ಲಿ ಟಿಪ್ಪು ದೊಡ್ಡ ಸೈನ್ಯದೊಡನೆ ಬಿದನೂರನ್ನು ಸುತ್ತುವರಿದ. ಹೊಸ ದಂಡನಾಯಕ ಬರಲೇ ಇಲ್ಲ. ಏಪ್ರಿಲ್ ಕೊನೆಯಲ್ಲಿ ಮ್ಯಾಥ್ಯೂಸ್ ಶರಣಾದ, ಅದೇ ವರ್ಷ ಟಿಪ್ಪುವಿನ ಸೆರೆಯಲ್ಲೇ ತೀರಿಕೊಂಡ. ಹಂಬರ್‌ಸ್ಟನ್ ವಿಜಯದುರ್ಗದಲ್ಲಿ ಪ್ರಾಣಬಿಟ್ಟದ್ದು ಏಪ್ರಿಲ್ 30ರಂದು. ಮ್ಯಾಕ್ಲಿಯಡ್ ಸಕಾಲಕ್ಕೆ ತಲುಪಿದ್ದರೆ ಬಿದನೂರು ಇಂಗ್ಲಿಷರಿಗೆ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಟಿಪ್ಪುವಿನ ಬಲ ಅಷ್ಟಿತ್ತು. ಆದರೆ ತೆಗೆದುಹಾಕಿದ ದಂಡನಾಯಕನೇ ಕೊನೆಯವರೆಗೂ ಅಲ್ಲಿ ಮುಂದುವರಿದದ್ದು ಈ ಸೆರೆಯ ಫಲ.

ಸಾಲ್ಬಾಯಿ ಒಪ್ಪಂದವಿದ್ದುದರಿಂದ ಮೇ ತಿಂಗಳ ಕೊನೆಯಲ್ಲಿ ಮರಾಠರು ‘ರೇಂಜರ್’ ಹಡಗನ್ನೂ ಬದುಕುಳಿದವರನ್ನೂ ಬಿಟ್ಟುಕೊಟ್ಟರು. ಮ್ಯಾಕ್ಲಿಯಡ್ ಆ ನವೆಂಬರಿನಲ್ಲಿ ಟಿಪ್ಪುವಿನ ಮುತ್ತಿಗೆಯಲ್ಲಿದ್ದ ಮಂಗಳೂರಿಗೆ ಹಡಗುಗಳೊಂದಿಗೆ ಬಂದ. ಆದರೂ 1784ರ ಜನವರಿಯಲ್ಲಿ ಕೋಟೆ ಟಿಪ್ಪುವಿಗೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಗಿ ಯುದ್ಧ ಮುಗಿಯಿತು.

ಹಾಗಾಗಿ ಹಿಡಿದ ಹಡಗಿನ ಬೆಲೆಯನ್ನು ಫಿರಂಗಿಗಳ ಲೆಕ್ಕದಲ್ಲಷ್ಟೇ ಅಳೆಯಬಾರದು. ಒಳಗೆ ಯಾರಿದ್ದರು, ಯಾವ ಆಜ್ಞೆ ಒಯ್ಯುತ್ತಿದ್ದರು, ಎಷ್ಟು ದಿನ ತಡೆಯಲ್ಪಟ್ಟರು ಎಂಬುದೂ ಅಷ್ಟೇ ಮುಖ್ಯ. ‘ರೆಸ್ಟೊರೇಶನ್’ ಏಳು ವರ್ಷ ದುಡಿದು ಒಡೆಯನ ನೌಕಾಪಡೆಯ ಜೊತೆಗೆ ಸುಟ್ಟುಹೋಯಿತು. ‘ರೇಂಜರ್’ ಸೆರೆಯಲ್ಲಿದ್ದದ್ದು ಏಳು ವಾರ. ನಮ್ಮ ಮಲೆನಾಡಿನ ಇತಿಹಾಸಕ್ಕೆ ಆ ಏಳು ವಾರಗಳೇ ಹೆಚ್ಚು ತೂಕದವು. ಮುಂದಿನ ರಜೆಯಲ್ಲಿ ಮಕ್ಕಳಿಗೆ ಬಿದನೂರಿನ ಕೋಟೆಯನ್ನೂ ತೋರಿಸಿ. ವಿಜಯದುರ್ಗದಲ್ಲಿ ನೋಡಿದ ಕಥೆಯ ಉಳಿದರ್ಧ ಅಲ್ಲಿದೆ.