ಒಂಟಿಯಾಗಿ ನಡೆದವರ ಗ್ರಂಥಗಳು

ಒಬ್ಬಂಟಿಗರಾಗಿ ಬಹುದೂರ ನಡೆದುಹೋದವರು ಬರೆದಿಟ್ಟ ಗ್ರಂಥಗಳನ್ನು ಹೆಣ್ಣುಮಕ್ಕಳು ಇಷ್ಟು ಆಸಕ್ತಿಯಿಂದ ಓದುವದೇಕೆಂದು ಕೆಲವು ತಾಯಿತಂದೆಗಳು ನಮ್ಮನ್ನು ಕೇಳಿರುವರು. ಆ ಪ್ರಶ್ನೆಯೊಳಗೆ ಒಂದು ಭಯವೂ ಉಂಟು. ಇಂಥವುಗಳನ್ನು ಓದಿದ ಮಗಳು ಮನೆಯ ಹೊಸ್ತಿಲನ್ನು ಲೆಕ್ಕಿಸದೆ ಹೋದಾಳೆಂಬ ಭಯ. ಅದನ್ನು ನಕ್ಕು ತಳ್ಳಿಬಿಡುವದು ಸರಿಯಲ್ಲ. ಪುಸ್ತಕಗಳನ್ನೇ ತೆರೆದು ನೋಡೋಣ.

ಬೆನ್ನ ಮೇಲೆ ಹೊರೆ ಹೊತ್ತು ನಡೆಯುವವನ ಚಿತ್ರವು ಬನ್ಯನನ ‘ಯಾತ್ರಿಕನ ಸಂಚಾರ’ವನ್ನು ಬಲ್ಲ ನಮಗೆ ಹೊಸದಲ್ಲ. ಆದರೆ ಅದು ಆತ್ಮದ ದಾರಿ, ಮೈಲಿಗಳಿಂದ ಅಳೆಯತಕ್ಕದ್ದಲ್ಲ. ರಾಬರ್ಟ್ ಲೂಯಿ ಸ್ಟೀವನ್‌ಸನ್ 1879ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯಾದರೋ ಹೊರೆಯು ನಿಜವಾದ ಹೊರೆ, ಅದನ್ನು ಹೊತ್ತದ್ದು ನಿಜವಾದ ಕತ್ತೆ. 1878ನೆಯ ಇಸವಿಯ ಶರತ್ಕಾಲದಲ್ಲಿ ಆತನು ಫ್ರಾನ್ಸಿನ ದಕ್ಷಿಣದ ಸೆವೆನ್ ಬೆಟ್ಟಗಳಲ್ಲಿ 12 ದಿನ, ಸುಮಾರು 120 ಮೈಲಿ ನಡೆದನು. ಮೋಡಿಸ್ಟೀನ್ ಎಂಬ ಆ ಕತ್ತೆಗೆ ಕೊಟ್ಟ ಬೆಲೆ 65 ಫ್ರಾಂಕ್ ಮತ್ತು ಒಂದು ಗ್ಲಾಸು ಬ್ರಾಂದಿ. (ಆ ಗ್ಲಾಸಿನ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು.) ಮೊದಲ ದಿನಗಳಲ್ಲಿ ಆತನಿಗೆ ಗಂಟು ಕಟ್ಟಲಿಕ್ಕೂ ಬಾರದು, ಮೂಟೆ ಜಾರಿ ಬೀಳುವದು, ಹಳ್ಳಿಯವರು ನಗುವರು, ಕತ್ತೆ ಅಡಿಯಿಡದು, ಅದನ್ನು ಹೊಡೆದು ತಾನೇ ಹೇಸುವನು. ಓದುವ ಹುಡುಗಿಯರು ಇಲ್ಲಿ ನಗುತ್ತಾರೆ. ಆದರೆ ಮನಸ್ಸು ನಿಲ್ಲುವದೂ ಇಲ್ಲಿಯೇ, ಯಾಕಂದರೆ ಅರಿಯದೆ ಹೊರಟವನು ದಾರಿಯಲ್ಲಿ ಕಲಿಯುವದನ್ನು ಕಣ್ಣಾರೆ ಕಾಣುತ್ತಾರೆ.

ಒಂದು ರಾತ್ರಿ ಆತನು ಪೈನ್ ಮರಗಳ ನಡುವೆ, ತಾನೇ ಮಾಡಿಸಿಕೊಂಡ ಚೀಲದೊಳಗೆ ಮಲಗಿದನು. ಬೆಳಿಗ್ಗೆ ಹೊರಡುವಾಗ, ಕಂಡವರಾರೂ ಇಲ್ಲದ ಆ ಸ್ಥಳದಲ್ಲಿ, ತಂಗಿದ್ದಕ್ಕೆ ಬಾಡಿಗೆಯೆಂಬಂತೆ ಹುಲ್ಲಿನ ಮೇಲೆ ನಾಣ್ಯಗಳನ್ನಿಟ್ಟು ಹೋದನು. ಅದೇ ರಾತ್ರಿಯ ಆನಂದದ ನಡುವೆಯೇ ತನಗೊಂದು ಜೊತೆಯಿಲ್ಲದ ಕೊರತೆಯೂ ಆತನಿಗೆ ತೋರಿತು. ಒಂಟಿತನವನ್ನು ಹೊಗಳಲು ಹೊರಟ ಪುಸ್ತಕವೇ ಹೀಗೆ ಹೇಳುವದರಿಂದ ಅದರಲ್ಲಿ ನಮಗೆ ವಿಶ್ವಾಸ ಹುಟ್ಟುತ್ತದೆ. ಕೊನೆಗೆ 35 ಫ್ರಾಂಕಿಗೆ ಮೋಡಿಸ್ಟೀನಳನ್ನು ಮಾರಿ ಬಂಡಿಯೇರಿದ ಮೇಲೆ ಆತನು ಅತ್ತನು.

ಹೆಂಗಸರು ಇಂಥದನ್ನು ಬರೆದಿಲ್ಲವೋ ಎಂದು ವಿದ್ಯಾರ್ಥಿನಿಯರು ಕೇಳುವದುಂಟು. ಆಸ್ಟ್ರೇಲಿಯದ ರಾಬಿನ್ ಡೇವಿಡ್‌ಸನ್ ಎಂಬವರು 1977ರಲ್ಲಿ ನಾಲ್ಕು ಒಂಟೆಗಳೊಡನೆ, ಒಂದು ನಾಯಿಯೊಡನೆ, ಆಲಿಸ್ ಸ್ಪ್ರಿಂಗ್ಸ್‌ನಿಂದ ಹಿಂದೂ ಮಹಾಸಾಗರದ ದಡದ ವರೆಗೆ ಸುಮಾರು 1,700 ಮೈಲಿ ಮರುಭೂಮಿಯನ್ನು ದಾಟಿದರು; ಗ್ರಂಥವು 1980ರಲ್ಲಿ ಹೊರಬಂತು. ತಾಯಿತಂದೆಗಳು ಗಮನಿಸತಕ್ಕ ಸಂಗತಿ ಬೇರೆ. ಆಕೆ ಹಟಾತ್ತಾಗಿ ಹೊರಟವರಲ್ಲ. ಅದಕ್ಕೆ ಮುಂಚೆ ಸುಮಾರು ಎರಡು ವರ್ಷ ಒಂಟೆ ಸಾಕುವವರ ಕೈಕೆಳಗೆ ದುಡಿದು ಆ ವಿದ್ಯೆಯನ್ನು ಕಲಿತರು. ದಾರಿಯ ಒಂದು ಭಾಗದಲ್ಲಿ ಎಡ್ಡಿ ಎಂಬ ಮೂಲನಿವಾಸಿ ಹಿರಿಯನು ಜೊತೆಗೆ ನಡೆದು ತನ್ನ ನಾಡನ್ನು ಪರಿಚಯ ಮಾಡಿಕೊಟ್ಟನು. ವಿಷವಿಟ್ಟ ಮಾಂಸ ತಿಂದ ನಾಯಿಯನ್ನು ಕಳಕೊಂಡ ಪುಟಗಳನ್ನು ಕಣ್ಣು ತೇವವಾಗದೆ ಓದಿದವರನ್ನು ನಾವು ಕಂಡಿಲ್ಲ.

ಹೊಸ್ತಿಲಿನ ಭಯಕ್ಕೆ ನಮ್ಮ ಉತ್ತರವಿಷ್ಟೇ: ಮಗಳೊಡನೆ ಕೂಡಿ ಓದಿರಿ. ಸ್ಟೀವನ್‌ಸನನನ್ನು ಎಂಟನೆಯ ತರಗತಿಯಿಂದ ಕೊಡುತ್ತೇವೆ. ಡೇವಿಡ್‌ಸನ್‌ರ ಗ್ರಂಥದಲ್ಲಿ ಒರಟು ಮಾತುಗಳಿರುವದರಿಂದ ಮೇಲಿನ ತರಗತಿಯವರಿಗೆ ಮಾತ್ರ. ಬೇಕೆಂದು ಕೇಳುವ ತಾಯಂದಿರಿಗೂ ಎರಡು ವಾರದ ಮಟ್ಟಿಗೆ ಕೊಡುವೆವು.