ಬೆಟ್ಟದ ಹೆಂಪ್: ಬೀಜ ಗೆದ್ದರೆ ಬೆಳೆ ಗೆದ್ದಂತೆ

ನಮ್ಮ ಕಡೆ ಸೆಣಬು ಎಂದರೆ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ, ಹಳದಿ ಹೂವಿನ ಗಿಡ. ಪುಂಡಿ ಎಂದರೆ ಪಲ್ಯಕ್ಕೂ ಹಗ್ಗಕ್ಕೂ ಆಗುವ ಗಿಡ. ಉತ್ತರಾಖಂಡದ ಪೌಡಿ, ಅಲ್ಮೋಡಾ ಬೆಟ್ಟಗಳ ರೈತರು ನಾರಿಗೂ ಬೀಜಕ್ಕೂ ಬೆಳೆಯುವ ಹೆಂಪ್ ಇವೆರಡೂ ಅಲ್ಲ, ಅದು ಗಾಂಜಾದ ಜಾತಿಯದೇ ಗಿಡ. ಎಲೆ ನೋಡಿ ಎರಡನ್ನೂ ಬೇರೆ ಮಾಡಲಾಗದು. ಮತ್ತು ಬರಿಸುವ ಟಿಎಚ್‌ಸಿ ಅಂಶ ಎಷ್ಟಿದೆ ಎಂಬುದರ ಮೇಲೆ ಅದು ಹೆಂಪೋ ಗಾಂಜಾವೋ ಎಂಬುದು ತೀರ್ಮಾನವಾಗುತ್ತದೆ. ಉತ್ತರಾಖಂಡ ಸರ್ಕಾರ 2018ರಲ್ಲಿ ಪರವಾನಗಿ ಕೊಡಲು ಆರಂಭಿಸಿದಾಗ ಇಟ್ಟ ಮಿತಿ ಶೇ. 0.3.

ಈ ಬೆಳೆಯ ಕಷ್ಟವೆಲ್ಲ ಆ ಅಂಕಿಯಲ್ಲೇ ಇದೆ. ಹಿಮಾಲಯದ ತಂಪಿಗೆ ತಲೆತಲಾಂತರದಿಂದ ಒಗ್ಗಿಕೊಂಡಿರುವ ಊರ ತಳಿಗಳು ಇಂಡಿಕಾ ಗುಂಪಿನವು. ಮಳೆ, ಚಳಿ ತಾಳುತ್ತವೆ, ನಾರೂ ಚೆನ್ನ, ಬೀಜವೂ ಚೆನ್ನ. ಆದರೆ ಅವುಗಳಲ್ಲಿ ಟಿಎಚ್‌ಸಿ ಮಿತಿ ಮೀರುವುದೇ ಹೆಚ್ಚು. ಇನ್ನೊಂದು ಕಡೆ ಫೆಡೋರಾ, ಫೆಲಿನಾ, ಫ್ಯೂಚುರಾದಂಥ ಫ್ರಾನ್ಸಿನ ತಳಿಗಳಿವೆ. ಅವುಗಳಲ್ಲಿ ಟಿಎಚ್‌ಸಿ ಕಡಿಮೆ, ಆದರೆ ಅವು ಬೇಸಿಗೆಯಲ್ಲಿ 15–16 ಗಂಟೆ ಹಗಲಿರುವ ನಾಡಿನವು. ಹಗಲು ಕಿರಿದಾಗುತ್ತಿದ್ದಂತೆ ಹೂ ಬಿಡುವುದು ಹೆಂಪಿನ ಗುಣ. ಪೌಡಿಯಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಸುಮಾರು 14 ಗಂಟೆಯಷ್ಟೇ. ಹೀಗಾಗಿ ಯುರೋಪಿನ ತಳಿ ಅಲ್ಲಿ ಆಳೆತ್ತರಕ್ಕೆ ಬರುವ ಮೊದಲೇ ಹೂವಿಗೆ ಬಂದು ನಿಂತುಬಿಡುತ್ತದೆ. ಬೆಂಗಳೂರಿನಲ್ಲಿ ಆ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ಹೊರದೇಶದ ಬೀಜ ತರಿಸಿದರೆ ಆಯಿತು ಎನ್ನುವವರು ಮೊದಲು ಈ ಲೆಕ್ಕ ನೋಡಬೇಕು. ಬೆಟ್ಟಕ್ಕೆ ಬೇಕಿರುವುದು ಊರ ತಳಿಯಿಂದಲೇ ಆಯ್ದು ಸ್ಥಿರಪಡಿಸಿದ, ಟಿಎಚ್‌ಸಿ ಕಡಿಮೆ ಇರುವ ತಳಿ. ಸಂಶೋಧನೆಗೆ ಹಾಕುವ ದುಡ್ಡು ಮೊದಲು ಈ ಕೆಲಸಕ್ಕೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಒಳ್ಳೆಯ ಬೀಜ ಸಿಕ್ಕರೂ ಅದನ್ನು ಕಾಪಾಡುವುದು ಸುಲಭವಲ್ಲ. ಹೆಚ್ಚಿನ ತಳಿಗಳಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ. ಹೂ ಬರುವ ಕಾಲಕ್ಕೆ ಗೆಣ್ಣುಗಳನ್ನು ಹತ್ತಿರದಿಂದ ನೋಡಿ: ಗಂಡಿನಲ್ಲಿ ಪುಟ್ಟ ಮೊಗ್ಗುಗಳು ಗೊಂಚಲಾಗಿ ಜೋತುಬಿದ್ದಿರುತ್ತವೆ, ಹೆಣ್ಣಿನಲ್ಲಿ ಬೆಳ್ಳನೆಯ ಎರಡು ಎಳೆಗಳು ಹೊರಚಾಚಿರುತ್ತವೆ. ಪರಾಗ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹಾರುತ್ತದೆ. ಪಕ್ಕದ ಇಳಿಜಾರಿನಲ್ಲಿ ಕಾಡು ಭಂಗಿ ಇದ್ದರೆ ನಿಮ್ಮ ಹೊಲದ ಬೀಜ ಕಲಬೆರಕೆಯಾಯಿತೆಂದೇ ತಿಳಿಯಿರಿ. ಮುಂದಿನ ವರ್ಷಕ್ಕೆ ಅದನ್ನು ಎತ್ತಿಡಬೇಡಿ, ಪ್ರಮಾಣಿತ ಬೀಜವನ್ನೇ ಕೊಳ್ಳಿ.

ಉಳಿದ ಬೇಸಾಯ ಅಷ್ಟು ಕಷ್ಟದ್ದಲ್ಲ. ಮಣ್ಣು 8–10 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದ ಮೇಲೆ 2–3 ಸೆಂ.ಮೀ. ಆಳಕ್ಕೆ ಬಿತ್ತಬೇಕು. ನಾರಿಗಾದರೆ ಎಕರೆಗೆ 20–25 ಕಿಲೋ ಬೀಜ ಹಾಕಿ ಒತ್ತಾಗಿ ಬೆಳೆಸಬೇಕು. ಆಗ ಗಿಡ ಕವಲೊಡೆಯದೆ ನೆಟ್ಟಗೆ ಏರುತ್ತದೆ, ನೆರಳಿಗೆ ಕಳೆಯೂ ಅಡಗುತ್ತದೆ. ಬೀಜಕ್ಕಾದರೆ ಅದರ ಅರ್ಧ ಸಾಕು. ಸಸಿ ಸಣ್ಣ ಚಳಿಯನ್ನು ತಾಳೀತು, ನಿಂತ ನೀರನ್ನು ಮಾತ್ರ ತಾಳದು. ಬಸಿಗಾಲುವೆ ಇಲ್ಲದ ತಗ್ಗಿನಲ್ಲಿ ಮೊದಲ ತಿಂಗಳೇ ಹಳದಿಯಾಗಿ ಸಾಯುತ್ತದೆ. ಹೂಗೊಂಚಲು ದಟ್ಟವಾಗಿರುವ ತಳಿಗಳಿಗೆ ಮಳೆ ಹಿಂದಾದ ವರ್ಷ ಬೂದು ಬೂಷ್ಟಿನ ಕಾಟ ಹೆಚ್ಚು.

ನಾರಿನ ಬೆಳೆಯನ್ನು ಗಂಡು ಹೂ ಅರಳುವ ಹೊತ್ತಿಗೆ ಕೊಯ್ಯಬೇಕು, ತಡವಾದಷ್ಟೂ ನಾರು ಒರಟು. ಬೀಜದ ಬೆಳೆಯಲ್ಲಿ ಮುಕ್ಕಾಲು ಪಾಲು ಕಾಳು ಬಲಿತಾಗಲೇ ಕೊಯ್ಲು. ಪೂರ್ತಿ ಬಲಿಯಲೆಂದು ಕಾದರೆ ಅರ್ಧ ಉದುರುತ್ತದೆ, ಉಳಿದದ್ದು ಹಕ್ಕಿಗಳ ಪಾಲು. ನಾರಿನ ದಂಟುಗಳನ್ನು ಕಂತೆ ಕಟ್ಟಿ ವಾರ, ಹತ್ತು ದಿನ ನೀರಿನಲ್ಲಿ ಕೊಳೆ ಹಾಕುತ್ತಾರೆ. ಹದವಾಯಿತೇ ಎಂದು ನೋಡಲು ಒಂದು ದಂಟನ್ನು ಮುರಿಯಿರಿ. ಒಳಗಿನ ಕಡ್ಡಿ ಪಟ್ಟನೆ ಮುರಿದು, ಹೊರಗಿನ ಸಿಪ್ಪೆ ಪಟ್ಟಿಯಾಗಿ ಎಳೆದಷ್ಟೂ ಬಂದರೆ ತೆಗೆಯಬಹುದು. ಪುಂಡಿ ನಾರು ತೆಗೆದ ಕೈಗಳಿಗೆ ಇದು ಹೊಸದಲ್ಲ. ಭಂಗೇಲಾ ಎಂಬ ಒರಟು ಬಟ್ಟೆ, ಚೀಲ, ಹಗ್ಗ ಬೆಟ್ಟದ ಮನೆಗಳಲ್ಲಿ ಇದರಿಂದಲೇ ಆಗುತ್ತಿದ್ದವು. ಹುರಿದ ಬೀಜದ ಚಟ್ನಿ ಕುಮಾವೂಂ ಊಟದಲ್ಲಿ ಇಂದಿಗೂ ಇದೆ. 2021ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವೆಂದು ಮಾನ್ಯ ಮಾಡಿತು.

ಕರ್ನಾಟಕದ ರೈತರಿಗೆ ಒಂದು ಮಾತು. ನಾರಿಗಾಗಿ, ಬೀಜಕ್ಕಾಗಿ ಹೆಂಪ್ ಬೆಳೆಯಲು ಅನುಮತಿ ಕೊಡುವ ಅಧಿಕಾರ 1985ರ ಮಾದಕವಸ್ತು ಕಾಯ್ದೆಯ 14ನೇ ಕಲಮಿನಲ್ಲಿ ಸರ್ಕಾರಕ್ಕಿದೆ. ಅನುಮತಿಯಿಲ್ಲದೆ ಬಿತ್ತಿದರೆ 20ನೇ ಕಲಮಿನಡಿ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹತ್ತಿ, ಮೆಕ್ಕೆಜೋಳದ ಸಾಲುಗಳ ನಡುವೆ ನಾಲ್ಕು ಗಿಡ ಹಾಕಿ ಜೈಲು ಸೇರಿದವರ ಸಂಸಾರಗಳು ನಮ್ಮಲ್ಲೂ ಇವೆ. ಯಾರಾದರೂ ಹೆಂಪ್ ಬೀಜ ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ ಎಂದು ಬಾಗಿಲಿಗೆ ಬಂದರೆ, ಮೊದಲು ನಿಮ್ಮ ಸರ್ವೆ ನಂಬರಿನ ಹೆಸರಿಗೆ ಪರವಾನಗಿ ಪತ್ರ ತೋರಿಸಲು ಕೇಳಿ. ಪತ್ರವಿಲ್ಲದಿದ್ದರೆ ಬೀಜ ಮುಟ್ಟಬೇಡಿ.