ಹೌಸ್‌ಬೋಟಿನಲ್ಲಿ ಒಂದು ರಾತ್ರಿ

ಗಂಡ-ಹೆಂಡತಿ ಇಬ್ಬರೇ ಅಲೆಪ್ಪಿಗೆ ಹೊರಟಿದ್ದರೆ ಒಂದೇ ಕೋಣೆಯ ಹೌಸ್‌ಬೋಟ್ ಹಿಡಿಯಿರಿ. ಸಾಮಾನ್ಯವಾಗಿ ಮಧ್ಯಾಹ್ನ 12ರ ಸುಮಾರಿಗೆ ಹತ್ತಿ, ಮರುದಿನ ಬೆಳಿಗ್ಗೆ 9ಕ್ಕೆ ಇಳಿಯುವುದು. ಹತ್ತಲು ತಡ ಮಾಡಬೇಡಿ. ರಾತ್ರಿಯಿಡೀ ದೋಣಿ ಸಾಗುತ್ತದೆಂದು ಎಷ್ಟೋ ಜನ ನಂಬಿರುತ್ತಾರೆ, ಹಾಗಲ್ಲ. ಸಂಜೆ ಆರರ ಹೊತ್ತಿಗೆ ದಡಕ್ಕೆ ಕಟ್ಟಿಬಿಡುತ್ತಾರೆ, ಆಮೇಲೆ ವೇಂಬನಾಡು ಸರೋವರದ ನೀರು ಬಲೆ ಬೀಸುವ ಮೀನುಗಾರರದ್ದು.

ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ಒಳಗೆ ಮಲಗದೆ ಮುಂಭಾಗದಲ್ಲಿ ಜೊತೆಯಾಗಿ ಕೂತುಬಿಡಿ. ಸುತ್ತಲಿನ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ನೀರಿನ ಮೇಲೆ ಕೂತು ಪೈರನ್ನು ತಗ್ಗಿನಲ್ಲಿ ಕಾಣುವುದು ಎಂಥ ಸೊಗಸು!

ಎ.ಸಿ. ರಾತ್ರಿ ಮಾತ್ರವೋ ಹಗಲೂ ಇದೆಯೋ, ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಊಟಕ್ಕೆ ಕರಿಮೀನು ಬೇಡವೆಂದರೆ ಅದನ್ನೂ ಆಗಲೇ ಹೇಳಿ. ಸೊಳ್ಳೆ ಮುಲಾಮು ಚೀಲದಲ್ಲಿರಲಿ.